ಮೂರೋ ನಾಲ್ಕೋ

ಹೊಸ ರೇಡಿಯೇಟರಿಗೆ ಎಷ್ಟೊಂದು ತೆಳ್ಳನೆಯ ತಗಡಿನ ಪದರಗಳು, ಬೆರಳು ತಾಕಿದರೆ ಮಡಚಿಕೊಂಡುಬಿಡುತ್ತವೇನೋ, ಮೆಕ್ಯಾನಿಕ್ ಅದನ್ನು ಎದೆಗವಚಿಕೊಂಡು ಬಂದು ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಇಳಿಸಿದ, ನಾಲ್ಕು ಬೋಲ್ಟು, ಮೇಲಿನ ಪೈಪು, ಕೆಳಗಿನ ಪೈಪು, ಅಷ್ಟೇ, ಹಳೆಯದು ಗೋಡೆಗೊರಗಿ ನಿಂತಿದೆ, ಅದರ ಪಕ್ಕದ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಬಿರುಕು, ಸೋರುತ್ತಿದ್ದದ್ದು ಅಲ್ಲಿಂದಲೇ — ಇಷ್ಟಕ್ಕೇ ಮುಗಿದಿದ್ದರೆ ಬಾನೆಟ್ ಮುಚ್ಚಿ ಹೊರಟುಬಿಡಬಹುದಿತ್ತು, ಆದರೆ ಬೆಳಿಗ್ಗೆ ಇವರು, ನನ್ನ ಗಂಡ, ಫೋನಿನಲ್ಲಿ ಹೇಳಿಯಾಗಿದೆ, ಹೀಟರನ್ನೂ ನೋಡಿಬಿಡಪ್ಪಾ, ಹೋದ ಚಳಿಗಾಲ ಪೂರ್ತಿ ನಮ್ಮಮ್ಮ ಹಿಂದಿನ ಸೀಟಲ್ಲಿ ಕಂಬಳಿ ಹೊದ್ಕೊಂಡೇ ಓಡಾಡಿದ್ದಾರೆ. ನೋಡ್ತೀನಿ ಸಾರ್ ಅಂದಿದ್ದಾನೆ. ನೋಡಿದರೆ ಸಿಗುತ್ತದೆ, ಅದೇ ಕಷ್ಟ. ನಾನು ಗ್ಯಾರೇಜಿನ ಷಟರಿನ ಪಕ್ಕ ಸ್ಟೂಲಿನ ಮೇಲೆ, ಮಾವ ನನಗೆ ಬೆನ್ನು ಮಾಡಿ ಕಾರಿನ ಮುಂದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು, ವಸ್ತುಪ್ರದರ್ಶನ ನೋಡಲು ಬಂದವರ ಹಾಗೆ ನಿಂತಿದ್ದಾರೆ. ಮೂವತ್ತೆಂಟು ವರ್ಷ ಗಿರಣಿಯಲ್ಲಿ ಬಾಯ್ಲರ್ ಫಿಟ್ಟರ್ ಆಗಿದ್ದವರು, ಬಿಸಿನೀರಿನ ಪೈಪು ಅಂದರೆ ಅವರಿಗೆ ಮನೆಯ ಓಣಿ ಇದ್ದಂತೆ, ಅವರು ಹೀಗೆ ಕೈ ಕಟ್ಟಿ ನಿಲ್ಲುವುದನ್ನು ಹೋದ ವರ್ಷದ ತನಕ ನಾನು ಕಂಡಿರಲಿಲ್ಲ. ಈಗ ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದರೂ ಪ್ಲಂಬರಿಗೆ ಫೋನ್ ಮಾಡಮ್ಮ ಅನ್ನುತ್ತಾರೆ. ಒಂದು ವಾಷರ್ ಅಷ್ಟೇ ಅಲ್ವಾ ಮಾವ ಅಂದರೆ, ಬೇಡ, ಕೈ ಹಾಕಿ ಇನ್ನೇನಾದ್ರೂ ಆದೀತು. ಎಂಜಿನ್ನಿಂದ ಹೊರಟು ಡ್ಯಾಶ್‌ಬೋರ್ಡಿನ ಹಿಂದಕ್ಕೆ ಹೋಗುವ ಹೀಟರಿನ ಎರಡು ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ ಈಗ ಬೆರಳಿನಿಂದ ಒತ್ತಿ ನೋಡುತ್ತಿದ್ದಾನೆ, ಪೈಪ್ ಚೆನ್ನಾಗೇ ಇದಾವಲ್ಲ, ಯಾರು ಹಾಕಿದ್ದು, ಒಳ್ಳೇ ಕೈ, ಕ್ಲಿಪ್ಪು ನೋಡಿ ಎಷ್ಟು ನೀಟಾಗಿ ಕೂತಿದೆ. ಮಾವ ಹಿಂದೆ ಕಟ್ಟಿದ ಕೈಗಳನ್ನು ಇನ್ನಷ್ಟು ಬಿಗಿ ಮಾಡಿದರು. ಹೇಳಿ ಮಾವ, ನಾನೇ ಹಾಕಿದ್ದು ಅನ್ನಿ.

ಹೋದ ವರ್ಷ ಚಳಿ ಇನ್ನೂ ಶುರುವಾಗಿರಲಿಲ್ಲ, ಹೀಟರನ್ನು ಯಾರೂ ಹಾಕಿರಲಿಲ್ಲ, ಪೈಪು ಗಟ್ಟಿಯಾಗಿದೆ, ಒಡೆಯೋ ಮೊದಲು ಬದಲಾಯಿಸಿಬಿಡ್ತೀನಿ ಎಂದು ಒಂದು ಭಾನುವಾರ ಮಾವ ತಾವೇ ಕೂತರು, ಮಗನ ಹಳೇ ಅಂಗಿಯನ್ನು ಹರಿದು ತುಂಡು ಮಾಡಿಕೊಂಡರು, ಬಿಚ್ಚಿದ ಪೈಪಿನ ಬಾಯಿಗೆ ತುರುಕಲು ಕೆಲವು, ಕೈ ಒರೆಸಲು ಒಂದು, ಗಿರಣಿಯಲ್ಲಿ ಹಾಗೇ, ಬಾಯಿ ಬಿಟ್ಟ ಪೈಪಿಗೆ ಬಟ್ಟೆ ಇಡಬೇಕು, ಮುಚ್ಚುವ ಮೊದಲು ಎಣಿಸಬೇಕು, ಎಣಿಸದೆ ಮುಚ್ಚಿದವನನ್ನು ಅವರು ಕೆಲಸದವರ ಮುಂದೆಯೇ ಬೈಯುತ್ತಿದ್ದರಂತೆ. ಒಳಗಿದ್ದ ನೀರನ್ನು ಬಕೆಟ್ಟಿಗೆ ಬಿಟ್ಟಾಗ, ಯಾಕಮ್ಮ ಇಷ್ಟು ಬಗ್ಗಡ ಅಂದರು. ಹಳೇ ಗಾಡಿ ಅಲ್ವಾ ಮಾವ, ತುಕ್ಕಿರಬಹುದು ಅಂದೆ. ಅಂದೆ, ಯಾರೂ ಹೇಳಿಸಿದ್ದಲ್ಲ, ನಾಲಿಗೆ ತಾನಾಗಿ ಹೊರಳಿತು. ಆಮೇಲೆ ಎಂಜಿನ್ ಚಾಲೂ ಮಾಡಿ ಎರಡು ಪೈಪಿನ ಮೇಲೆ ಎರಡು ಕೈ ಇಟ್ಟುಕೊಂಡು ನಿಂತರು, ಒಂದು ಸುಡುತ್ತಿದೆ, ಇನ್ನೊಂದು ತಣ್ಣಗೆ, ಅಂದರೆ ಒಳಗೆಲ್ಲೋ ಕಟ್ಟಿದೆ, ಸೀಟಿನಲ್ಲಿ ಕೂತಿದ್ದ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಏನ್ರೀ, ನಿಮ್ಮ ಕೈ ಬಿದ್ದ ಮೇಲೆ ಇದ್ದ ಬಿಸಿಯೂ ಹೋಯ್ತಲ್ರೀ. ತಮಾಷೆಗೆ ಅಂದದ್ದು. ಮಾವ ನಗಲಿಲ್ಲ, ನೆಲದ ಮೇಲಿದ್ದ ಬಟ್ಟೆಗಳನ್ನು ಎಣಿಸಿದರು, ಮೂರು. ನಾನು ಹರಿದದ್ದು ಮೂರೋ ನಾಲ್ಕೋ, ನಾಲ್ಕಾದ್ರೆ ಒಂದು ಒಳಗೇ ಉಳ್ಕೊಂಡಿದೆ ಅಂದರು. ಅತ್ತೆಯನ್ನು ಕೇಳಿದರು, ನನ್ನನ್ನು ಕೇಳಿದರು, ಎಣಿಸಿಡೋಕೆ ಅದೇನು ಬಂಗಾರವೇನ್ರೀ ಅಂದರು ಅತ್ತೆ, ನಾನು, ಗೊತ್ತಿಲ್ಲ ಮಾವ. ಗೊತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಎರಡು ತೋಳು, ಒಂದು ಬೆನ್ನಿನ ಭಾಗ, ಮೂರೇ ಹರಿದದ್ದು, ಕಾಲರಿದ್ದ ಉಳಿದ ಭಾಗ ನೀರೊಲೆಯ ಪಕ್ಕ ಬಿದ್ದಿತ್ತು, ನನ್ನ ಕಣ್ಣಿಗೆ ಬೀಳದ್ದು ಆ ಮನೆಯಲ್ಲಿ ಏನಿದೆ. ಆದರೆ ಮೂರೇ ಅಂದುಬಿಟ್ಟರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಹಾಗಾದ್ರೆ ಕಟ್ಟಿರೋದು ಏನು. ಅದೂ ಗೊತ್ತಿತ್ತು. ಅದಕ್ಕೂ ಒಂದು ವಾರ ಮೊದಲು ಕಾರಿನ ಕೆಳಗೆ ರೇಡಿಯೇಟರಿನ ಹಸಿರು ನೀರಿನ ತೊಟ್ಟು ಕಂಡಿತ್ತು, ಮೊದಲು ಕಾಸಿನಗಲ, ಆಮೇಲೆ ಅಂಗೈಯಗಲ, ಇವರು ಹೇಳಿದ್ದು ಕಿವಿಯಲ್ಲೇ ಇತ್ತು, ಇನ್ನೊಂದು ಸಲ ಕೈಕೊಟ್ರೆ ಗುಜರಿಗೇ ಹಾಕೋದು, ನೀನು ಬಸ್ಸಲ್ಲಿ ಹೋಗು, ಬಸ್ಸು ಅಂದರೆ ಎರಡು ಕಡೆ ಇಳಿದು ಹತ್ತಿ, ಸಾಯಂಕಾಲ ಸೇತುವೆ ಕೆಳಗಿನ ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಿಲ್ಲುವುದು, ಪೆಟ್ರೋಲ್ ಬಂಕಿನವರು ಲೀಕ್ ನಿಲ್ಲಿಸೋ ಔಷಧಿ ಸಿಗುತ್ತೆ ಮೇಡಂ ಅಂದರು, ಕೊಂಡುಕೊಂಡೆ. ಒಂದು ಬಾಟಲಿಗಿಂತ ಹೆಚ್ಚು ಹಾಕಬಾರದು, ಹೀಟರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳಬಹುದು ಎಂದು ಬಾಟಲಿಯ ಬೆನ್ನ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು. ಓದಿದೆ. ಓದುವುದೇ ನನ್ನ ಕೆಲಸ, ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಯಲ್ಲಿ ತಪ್ಪಿದೆಯಾ ಎಂದು ಸಾಲು ಸಾಲು ನೋಡುವುದು, ಹೇಳಿದ ಪ್ರಮಾಣ ಮೀರಬೇಡಿ ಎಂಬ ವಾಕ್ಯಕ್ಕೆ ದಿನಕ್ಕೆ ಹತ್ತು ಸಲ ಸರಿ ಗುರುತು ಹಾಕುವುದು, ಅಂಥವಳು ಎರಡು ಬಾಟಲಿ ಸುರಿದೆ, ಒಂದು ಸಾಲದಿದ್ದರೆ ಎಂಬ ಭಯಕ್ಕೆ. ಸೋರುವುದು ನಿಂತಿತು, ಒಂದು ವರ್ಷ. ಹೇಳಬೇಕು ಅಂದುಕೊಂಡೆ, ನಾಳೆ, ಭಾನುವಾರ, ಇವರು ಊರಿಗೆ ಹೋದಾಗ, ಮಾವ ಟೂಲ್ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ ದಿನ ಬಾಯಿಯ ತನಕ ಬಂದಿತ್ತು, ಸ್ಟೂಲ್ ಹಿಡ್ಕೊಳಮ್ಮ ಅಂದರು, ಹಿಡಿದುಕೊಂಡೆ.

ಮೆಕ್ಯಾನಿಕ್ ಎರಡೂ ಪೈಪು ಬಿಚ್ಚಿ ನಲ್ಲಿಯ ಪೈಪನ್ನು ಹೀಟರಿನ ಒಂದು ಬಾಯಿಗೆ ಒತ್ತಿ ಹಿಡಿದಿದ್ದಾನೆ, ಕೆಳಗೆ ಬಿಳೀ ಬಕೆಟ್ಟು, ಇನ್ನೊಂದು ಬಾಯಿಯಿಂದ ಏನೂ ಇಲ್ಲ, ಹನಿ, ಹನಿ, ಮೊಂಡು ಮುದುಕ ಇದ್ದಂಗಿದೆ, ಬಾಯಿ ಬಿಡಲ್ಲ, ಬಾರೋ ರಾಜ ಅನ್ನುತ್ತಾ ಹಿಂದು ಮುಂದು ಮಾಡಿ ಒತ್ತಿದ, ಒಳಗೆಲ್ಲೋ ಕೆಮ್ಮಿದ ಸದ್ದು, ಮತ್ತೆ ಕೆಮ್ಮು, ಮಾವ ಒಂದು ಹೆಜ್ಜೆ ಮುಂದೆ ಹೋಗಿ ಬಗ್ಗಿದರು, ಬಟ್ಟೆ ಬಂತಾ. ಎಂಥ ಬಟ್ಟೆ ಯಜಮಾನ್ರೇ. ಬಟ್ಟೆ, ಅಂಗಿ ಬಟ್ಟೆ. ಬಂದದ್ದು ಕೆಸರು, ದಪ್ಪ, ಕಂದು, ಹೊಳೆಯುವ ಕಾಳು ಕಾಳು, ಬಕೆಟ್ಟಿನ ಬಿಳುಪಿನ ಮೇಲೆ ಜಾರಿ ತಳ ಸೇರುತ್ತಿದೆ, ಮೆಕ್ಯಾನಿಕ್ ಬೆರಳಲ್ಲಿ ತೆಗೆದು ಉಜ್ಜಿ ಮೂಸಿದ, ಅಯ್ಯೋ, ಲೀಕ್ ನಿಲ್ಸೋ ಔಷಧಿ, ಅದೂ ಒಂದಲ್ಲ, ಯಾರ್ರೀ ಇದು, ಗೋಡೆಗೆ ಗಿಲಾವು ಮಾಡೋಕೆ ಹೊರಟಿದ್ರಾ, ನೀವೇನಾ ಯಜಮಾನ್ರೇ. ಮಾವ ಬಕೆಟ್ಟನ್ನೇ ನೋಡುತ್ತಿದ್ದಾರೆ. ನಾನೇ ಹಾಕಿರಬೇಕಪ್ಪ ಅಂದರು ಮಾವ, ನಿಧಾನಕ್ಕೆ, ಈಗೀಗ ನೆನಪೇ ನಿಲ್ಲಲ್ಲ, ಹಾಕಿರ್ತೀನಿ. ಅವರು ನೆನಪು ಮಾಡಿಕೊಳ್ಳುತ್ತಿದ್ದಾರೆ, ನಿಜವಾಗಿಯೂ ಹುಡುಕುತ್ತಿದ್ದಾರೆ, ಕತ್ತು ಓರೆ ಮಾಡಿ, ಬಾಟಲಿ ಎಲ್ಲಿಂದ ತಂದೆ, ಯಾವಾಗ ಸುರಿದೆ, ಇನ್ನೊಂದು ಗಳಿಗೆ ಬಿಟ್ಟರೆ ಅದು ಅವರಿಗೆ ಸಿಕ್ಕೇಬಿಡುತ್ತದೆ, ನಾನು ಸುರಿದದ್ದು ಅವರ ನೆನಪಾಗಿಬಿಡುತ್ತದೆ — ನಾನು ಮಾವ. ಏನಮ್ಮ. ನಾನು ಹಾಕಿದ್ದು, ಎರಡು ಬಾಟಲಿ, ನೀವು ಪೈಪ್ ಬದಲಾಯಿಸೋಕೆ ಒಂದು ವಾರ ಮುಂಚೆ, ಬಗ್ಗಡ ಬಂದಾಗ ತುಕ್ಕು ಅಂದೆನಲ್ಲ, ಅದು ಇದೇ. ಮೆಕ್ಯಾನಿಕ್ ನಲ್ಲಿ ನಿಲ್ಲಿಸಿದ. ಮಾವ ತಿರುಗಲಿಲ್ಲ. ಎರಡು ಬಾಟಲಿ, ಅಂದರು. ಹೌದು ಮಾವ. ಹಾಗಾದ್ರೆ ಬಟ್ಟೆ. ಬಟ್ಟೆ ಒಳಗೆ ಹೋಗಿರಲೇ ಇಲ್ಲ ಮಾವ, ನೀವು ಹರಿದದ್ದೇ ಮೂರು, ನಾನು ನೋಡಿದ್ದೆ. ಮೂರು. ಮೂರೇ ಮಾವ. ಹೂಂ. ಅಷ್ಟೇ ಅಂದದ್ದು, ಬೈಯಲಿಲ್ಲ, ಗಿರಣಿಯಲ್ಲಿ ಕೆಲಸದವರ ಮುಂದೆ ಬೈದ ಹಾಗೆ ನನ್ನನ್ನೂ ಬೈಯಬಹುದಿತ್ತು, ಮೆಕ್ಯಾನಿಕ್ ಏನೂ ಕೇಳಿಸದವನ ಹಾಗೆ ಮತ್ತೆ ನೀರು ಬಿಟ್ಟ, ಕಂದು ಹೋಗಿ ಟೀ ಬಣ್ಣ, ಟೀ ಬಣ್ಣ ಹೋಗಿ ತಿಳಿ, ಪೈಪು ಸೇರಿಸಿ, ಹಸಿರು ಕೂಲಂಟ್ ತುಂಬಿಸಿ, ಗುಳ್ಳೆಗಳೆಲ್ಲ ಹೋಗುವ ತನಕ ಎಂಜಿನ್ ಓಡಿಸಿ, ಬನ್ನಿ ಯಜಮಾನ್ರೇ, ನಿಮ್ಮ ಪೈಪು, ನೀವೇ ಮುಟ್ಟಿ ನೋಡಿ, ಎರಡೂ ಹೆಂಗೆ ಕಾದಿದಾವೆ, ಕ್ಲಿಪ್ ಕೂಡ ನೀವೇ ಬಿಗಿ ಮಾಡಿ ಎಂದು ಸ್ಕ್ರೂಡ್ರೈವರಿನ ಹಿಡಿಯನ್ನು ಅವರ ಕಡೆ ಚಾಚಿದ್ದಾನೆ. ಕಾರಿನ ತೆರೆದ ಬಾಗಿಲಿನಿಂದ ಬಿಸಿಗಾಳಿ ನನ್ನ ಮೊಣಕಾಲಿಗೆ ತಾಕುತ್ತಿದೆ. ತಗೊಳ್ಳಿ ಮಾವ. ಮಾವ ತಲೆಯಾಡಿಸುತ್ತಿದ್ದಾರೆ, ಹೌದು ಹೌದು ಎನ್ನುವಂತೆ, ಕೈ ಮಾತ್ರ ಮುಂದೆ ಬರುತ್ತಿಲ್ಲ, ಬೆನ್ನ ಹಿಂದೆ, ನನ್ನ ಕಣ್ಣಿನ ನೇರಕ್ಕೆ, ಬಲಗೈಯ ಹೆಬ್ಬೆರಳು ತೋರುಬೆರಳಿಗೆ ತಾಕಿತು, ನಡುಬೆರಳಿಗೆ, ಉಂಗುರದ ಬೆರಳಿಗೆ, ಮೂರು, ಸರಿ ಮಾವ, ಮೂರೇ, ಮತ್ತೆ ಮೊದಲಿನಿಂದ, ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಅಲ್ಲಿಂದ ಹೆಬ್ಬೆರಳು ಮೇಲೆದ್ದು ನಾಲ್ಕಕ್ಕೆ, ಕಿರುಬೆರಳಿನ ಹತ್ತಿರ ಹೋಗಿದೆ, ತಾಕಿಲ್ಲ, ಹಿಂದಕ್ಕೂ ಬಂದಿಲ್ಲ, ಕಿರುಬೆರಳಿನ ಹತ್ತಿರ, ತಾಕದೆ,