ಹಿಂದಿನ ಬಾಗಿಲು ತೆಗೆದು ನೋಡಲಿಲ್ಲ

ತಣ್ಣಗಿದೆ, ಕೈಯಿಟ್ಟ ಕೂಡಲೇ ಬೆರಳು ಹಿಂದಕ್ಕೆ ಬಂತು, ಬಿಳಿ ಬಣ್ಣ ಹೊಡೆದ ಕಬ್ಬಿಣ, ಅಡ್ಡ ಮಲಗಿಸಿ ಎರಡು ಪಟ್ಟಿ ಬಿಗಿದು ಬೋಲ್ಟು ಹಾಕಿದ, ಗಾಡಿ ಓಡುವ ಗ್ಯಾಸಿನ ಸಿಲಿಂಡರು, ಅದೂ ಕೊನೆಯ ಸೀಟು ಇರಬೇಕಾದ ಜಾಗದಲ್ಲಿ — ಕೊನೆಯ ಸೀಟು ಮಡಚಿದರೆ ನಿನ್ನ ಕುರ್ಚಿ ಆರಾಮದಲ್ಲಿ ಹೋಗುತ್ತದೆ ಎಂದು ಒಂದು ವಾರದಿಂದ ಹೆಂಡತಿ ವಸುಮತಿಗೆ ಹೇಳುತ್ತ ಬಂದಿದ್ದೇನೆ, ಮಡಚಲಿಕ್ಕೆ ಸೀಟೇ ಇಲ್ಲ, ಕಿತ್ತು ಹಾಕಿದ್ದಾನೆ ಪೋಕರ್, ಅವನ ಗಾಡಿ ಅವನಿಷ್ಟ, ಬಾಡಿಗೆಗೆ ತಂದವನು ನಾನು, ಗಂಟೆ ಹತ್ತಾಗಲಿಕ್ಕೆ ಹತ್ತು ನಿಮಿಷ, ಸುಳ್ಯದಲ್ಲಿ ಮದುವೆಯ ಮುಹೂರ್ತ ಹನ್ನೊಂದು ನಲ್ವತ್ತಕ್ಕೆ, ಅವಳು ಪಟ್ಟೆಸೀರೆ ಉಟ್ಟು ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ತಯಾರಾಗಿ ಕೂತಿದ್ದಾಳೆ, ಎಂತ ಸಾವು ಇದು, ಇನ್ನೊಮ್ಮೆ ಅಳೆದು ನೋಡುವ, ಗೇಣು ಹಾಕಿ, ಒಂದು, ಎರಡು, ಎರಡೂವರೆ, ಅಷ್ಟೇ, ಅಷ್ಟರಲ್ಲಿ ಬಾಳೆಗೊನೆ ಇಡಬಹುದು, ಕುರ್ಚಿ ಆಗುವುದಿಲ್ಲ, ಅದು ಮಡಚುವ ಜಾತಿಯದ್ದೂ ಅಲ್ಲ, ಬೆನ್ನು ಎತ್ತರದ್ದು, ಬಲಗಾಲು ಚಾಚಿಡಲಿಕ್ಕೆ ಹಲಗೆ ಇರುವಂಥದ್ದು, ಬಚ್ಚಲಲ್ಲಿ ಜಾರಿ ಸೊಂಟ ಮುರಿದು ಹದಿನಾಲ್ಕು ತಿಂಗಳು, ಎರಡು ಆಪರೇಶನ್, ಆ ಕಾಲು ಈಗ ಮಡಚುವುದೇ ಇಲ್ಲ, ನಮ್ಮ ಸಣ್ಣ ಕಾರಿನಲ್ಲಿ ಅವಳನ್ನು ಕೂರಿಸಲಿಕ್ಕಾಗುವುದಿಲ್ಲ, ನಡುವಿನ ಸೀಟು ಇಡೀ ಅವಳಿಗೆ, ಹಿಂದಿನದ್ದು ಕುರ್ಚಿಗೆ, ಅದಕ್ಕೇ ಈ ದೊಡ್ಡ ಗಾಡಿ, ಅದೊಂದಕ್ಕೇ, ಎದುರಿನ ಬಾಗಿಲಲ್ಲಿ ನುಗ್ಗಿಸುವ ಎಂದರೆ ಚಕ್ರದ ಅಗಲಕ್ಕೆ ಬಾಗಿಲು ಸಾಲುವುದಿಲ್ಲ, ಮೇಲೆ ಕಟ್ಟುವ ಎಂದರೆ ಕ್ಯಾರಿಯರೂ ಇಲ್ಲ, ಎಂತ ಆಯ್ತು, ಹೊರಡುದಲ್ವಾ, ಎಂದು ಕೇಳುತ್ತಿದ್ದಾಳೆ ಅಂಗಳದಿಂದ, ಬಂದೆ ಬಂದೆ, ಒಂದು ನಿಮಿಷ.

ನಿನ್ನೆ ಕಬಕಕ್ಕೆ ಪೋಕರನ ಮನೆಗೆ ಹೋಗಿ ನಾನೇ ನೋಡಿ ಬಂದವನು, ಬೇರೆ ಯಾರನ್ನಾದರೂ ಬೈಯಲಿಕ್ಕೂ ಇಲ್ಲ, ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನು, ಪ್ರಯೋಗಕ್ಕೆ ಮೊದಲು ಸಾಮಾನು ಪರೀಕ್ಷಿಸಿ ಎಂದು ಸಾವಿರ ಮಕ್ಕಳಿಗೆ ಹೇಳಿದವನು, ಟಯರು ಒದ್ದು ನೋಡಿದೆ, ಎಸಿ ಹಾಕಿ ನೋಡಿದೆ, ಸೀಟು ಹಿಂದೆ ಮುಂದೆ ಜಗ್ಗಿದೆ, ವೈಪರು, ಲೈಟು, ಹಾರ್ನು, ಅದಕ್ಕೆಂತ ಮಾಷ್ಟ್ರೇ, ಎಲ್ಲ ಉಂಟು, ಬನ್ನಿ ಬಾಯಾರಿಕೆಗೆ ಎಂತಾದರೂ ಕುಡಿಯಿರಿ ಎಂದು ಒಳಗೆ ಕರೆದ, ಲಿಂಬೆ ಶರಬತ್ತು ತಂದಿಟ್ಟ, ಅಕ್ಕ ಹೇಗಿದ್ದಾರೆ, ಪಾಪ, ಎಷ್ಟು ಚುರುಕಿನವರು, ಅವನ ತಾಯಿಗೂ ಹೀಗೇ ಆದದ್ದು, ಕೋಳಿ ಓಡಿಸಲಿಕ್ಕೆ ಹೋಗಿ ಮೆಟ್ಟಿಲು ತಪ್ಪಿದ್ದು, ಹೀಗೆ ಮುಕ್ಕಾಲು ಗಂಟೆ ಆಯಿತು, ಶರಬತ್ತು ಕುಡಿದು ಕೈತೊಳೆದ ಮೇಲೆ, ನಿಲ್ಲು ಪೋಕರ್, ಹಿಂದಿನ ಬಾಗಿಲು ಒಮ್ಮೆ ತೆಗಿ ನೋಡುವ ಎಂದು ಗುರ್ತದವನ ಹತ್ತಿರ ಹೇಗೆ ಕೇಳುವುದು, ನಂಬಿಕೆ ಇಲ್ಲ ಎಂದ ಹಾಗಾಗುತ್ತದೆ, ಪೇಟೆಯ ಗುರ್ತವಿಲ್ಲದವನಾದರೆ ಬಾನೆಟ್ಟು ಬಿಚ್ಚಿಸಿ ಅಡಿಯಲ್ಲಿ ಮಲಗಿ ನೋಡುತ್ತಿದ್ದೆ, ಗುರ್ತದವರದ್ದೇ ಸಂಕಟ, ಈ ದಾಕ್ಷಿಣ್ಯ ಒಂದು ದಿನ ನಮ್ಮನ್ನು ತಿಂದು ಹಾಕುತ್ತದೆ, ಬೆಳಿಗ್ಗೆ ಏಳಕ್ಕೆ ಗಾಡಿ ತಂದು ಕೀ ಕೊಟ್ಟು ನಗುತ್ತ ಹೋದ, ಈಗ ಫೋನು ಮಾಡಿ ಎಷ್ಟು ಸಾಧ್ಯವೋ ಅಷ್ಟು ಹಾರಾಡಿದೆ, ನೀನು ಹೀಗೆ ಮಾಡುದಾ, ಎಲ್ಲ ಉಂಟು ಎಂದೆಯಲ್ಲ, ಅವನು ಪೂರ್ತಿ ಕೇಳಿಸಿಕೊಂಡ, ಆಮೇಲೆ ಮೆಲ್ಲಗೆ, ಮಾಷ್ಟ್ರೇ, ಕುರ್ಚಿ ಉಂಟು ಅಂತ ನೀವು ನಿನ್ನೆ ಒಂದು ಮಾತು ಹೇಳ್ಬೇಕಿತ್ತಲ್ಲ ಮಾರಾಯ್ರೆ, ಬೇರೆ ಗಾಡಿ ಇತ್ತು, ಹಿಂದೆ ಪೂರಾ ಖಾಲಿ, ಅದು ಬೆಳಿಗ್ಗೆಯೇ ಅರಂತೋಡಿಗೆ ಹೋಯ್ತು, ನೀವು ಹಾರ್ನ್ ಸಹ ಹೊಡೆದು ನೋಡಿದ್ರಿ, ಕುರ್ಚಿಯ ವಿಷಯ ತೆಗೀಲೇ ಇಲ್ಲ.

ತೆಗೆಯಲೇ ಇಲ್ಲ, ಹೌದು, ಮುಕ್ಕಾಲು ಗಂಟೆ ಅವಳ ಕಾಲಿನದ್ದೇ ಮಾತು, ಕುರ್ಚಿಯ ಮಾತು ಬಾಯಿಗೆ ಬರಲಿಲ್ಲ, ಮರೆತೆನಾ, ಮರೆಯುವ ಆಸಾಮಿಯಾ ನಾನು, ಮದುಮಗಳು ಚಿನ್ಮಯಿ ಮೊನ್ನೆ ಫೋನು ಮಾಡಿದ್ದಳು, ದೊಡ್ಡಮ್ಮ, ಮಂಟಪದ ಎದುರು ಮೊದಲ ಸಾಲಿನಲ್ಲಿ ಒಂದು ಕುರ್ಚಿ ತೆಗೆಸಿದ್ದೇನೆ, ಅಲ್ಲಿ ನಿಮ್ಮ ಕುರ್ಚಿ ಬರುದು, ನೀವು ಬಾರದೆ ನಾನು ಹಾರ ಹಾಕುದಿಲ್ಲ, ತಂಗಿಯ ಮಗಳಾದರೂ ಕಾಲೇಜಿನ ಐದು ವರ್ಷ ನಮ್ಮಲ್ಲೇ ಇದ್ದವಳು, ಅವಳ ಜಡೆ ಹೆಣೆದ ಕೈ ಇದು ಎಂದು ವಸುಮತಿ ಮೂರು ವಾರದಿಂದ ಕೂರುವ ಅಭ್ಯಾಸ ಮಾಡಿದ್ದಾಳೆ, ಮೊದಲು ಇಪ್ಪತ್ತು ನಿಮಿಷ, ಆಮೇಲೆ ನಲ್ವತ್ತು, ಹಲ್ಲು ಕಚ್ಚಿ ಒಂದೂವರೆ ಗಂಟೆ ಕೂರುವಲ್ಲಿಗೆ ಬಂದಿದ್ದಾಳೆ, ಹನ್ನೊಂದು ನಲ್ವತ್ತಕ್ಕೆ ಅಕ್ಷತೆ ಹಾಕಲಿಕ್ಕೆ, ಮತ್ತು ನಾನು ಅವಳಿಗೆ ಈಗ ಹೇಳಿದ್ದೇನು, ನೀನು ಗಾಡಿಯಲ್ಲೇ ಕೂತಿರು, ಧಾರೆ ಆದ ಮೇಲೆ ಮದುಮಕ್ಕಳನ್ನು ಗಾಡಿಯ ಹತ್ತಿರಕ್ಕೇ ಕರೆದುಕೊಂಡು ಬರುತ್ತೇನೆ, ಎಷ್ಟು ಬೇಗ ಬಾಯಿಗೆ ಬಂತು ಅದು, ಮೊದಲೇ ಬರೆದಿಟ್ಟದ್ದನ್ನು ಓದಿದ ಹಾಗೆ, ಅವಳು, ನಿಮಗೆ ಹಾಗೆ ಸುಲಭ ಆಗುದಾದ್ರೆ ಹಾಗೇ ಮಾಡುವ ಎಂದಳು, ನಿಮಗೆ ಎಂದಳು, ಗೊತ್ತುಂಟು ಅವಳಿಗೆ, ವಿಟ್ಲದ ಉಪನಯನದಲ್ಲಿ ಹೊಸ್ತಿಲಿಗೆ ಚಕ್ರ ಸಿಕ್ಕಿ ನಾಲ್ಕು ಜನ ಎಂಜಲು ಕೈಯಲ್ಲೇ ಓಡಿ ಬಂದದ್ದು, ಇಡೀ ಪಂಕ್ತಿ ತಿರುಗಿ ನೋಡಿದ್ದು, ಪಾಪ ಮಾಷ್ಟ್ರ ಅವಸ್ಥೆ ಎಂದು ಯಾರೋ ಅಂದದ್ದು, ಆವತ್ತಿನಿಂದ ನನಗೆ ನಾಚಿಕೆ, ಅವಳದ್ದಲ್ಲ, ಆ ಕುರ್ಚಿಯ ಹಿಂದೆ ನಿಂತ ನನ್ನದು, ಪೋಕರನ ದಾಕ್ಷಿಣ್ಯ ಮಣ್ಣಂಗಟ್ಟಿ, ಹಿಂದಿನ ಬಾಗಿಲು ತೆಗೆದು ನೋಡಲಿಕ್ಕೆ ನನಗೇ ಮನಸ್ಸಿರಲಿಲ್ಲ, ಹಲಗೆ ಇಟ್ಟು ಅವಳನ್ನು ನಡುವಿನ ಸೀಟಿಗೆ ಜಾರಿಸಿದೆ, ಕಾಲಿನ ಅಡಿಗೆ ತಲೆದಿಂಬು ಕೊಟ್ಟೆ, ಅವಳು ಸೆರಗು ಸರಿಮಾಡಿಕೊಂಡು ಕೂತಿದ್ದಾಳೆ, ಗಾಡಿ ಸ್ಟಾರ್ಟ್ ಆಗಿದೆ, ರಸ್ತೆಗೆ ಇಳಿಸಲಿಕ್ಕೆ ಮೊದಲು ಹಿಂದಕ್ಕೆ ತೆಗೆಯಬೇಕು, ರಿವರ್ಸ್ ಹಾಕಿದೆ, ಎದುರಿನ ಪುಟ್ಟ ಪರದೆ ತಾನಾಗಿ ಹೊತ್ತಿಕೊಂಡಿತು, ಇದೂ ಉಂಟಾ ಇದರಲ್ಲಿ, ಪರದೆಯಲ್ಲಿ ಅಂಗಳ, ಅಂಗಳದ ನಡುವೆ ಖಾಲಿ ಕುರ್ಚಿ, ಕೀಂ ಕೀಂ ಎಂದು ಗಾಡಿ ಎಚ್ಚರಿಸುತ್ತದೆ, ಹೋಗುವ, ಹೊತ್ತಾಯ್ತು ಎನ್ನುತ್ತಾಳೆ ಹಿಂದಿನಿಂದ, ಅವಳಿಗೂ ಕಾಣುತ್ತದೆ ಪರದೆ, ಹಿಂದಿನ ಬಾಗಿಲು ತೆಗೆದಾಗ ಇನ್ನೂ ಒಂದು ಗಂಟೆ ಐವತ್ತು ನಿಮಿಷವಾದರೂ ಇತ್ತು, ಕುರ್ಚಿ ತರಲಿಕ್ಕೆ ಒಂದು ಪಿಕಪ್ಪಿನವನಿಗೆ ಫೋನು ಮಾಡಬಹುದಿತ್ತು, ಮಾಡಲಿಲ್ಲ, ಈಗಲೂ ಮಾಡಬಹುದು, ಕೈ ಗೇರಿನ ಮೇಲೆಯೇ ಉಂಟು, ಪರದೆಯಲ್ಲಿ ಕೆಂಪು ಗೆರೆ, ಗೆರೆಯ ಆಚೆ ಕುರ್ಚಿ, ಸ್ವಲ್ಪ ಹಿಂದೆ ಬಂದೆ, ಕುರ್ಚಿ ದೊಡ್ಡದಾಯಿತು, ಕೀಂ ಕೀಂ ಕೀಂ, ಅವಳು ಕೂತ ಗುಳಿ ಹಾಗೇ ಉಂಟು ಮೆತ್ತೆಯ ಮೇಲೆ, ಬ್ರೇಕು ಒತ್ತಿದೆ, ಕುರ್ಚಿ, ಬ್ರೇಕಿನಿಂದ ಕಾಲು ತೆಗೆಯಲಿಕ್ಕಾಗುವುದಿಲ್ಲ, ಪರದೆ ತುಂಬ ಕುರ್ಚಿ