ನಾಲ್ಕನೇ ಬೋಗುಣಿ

ಆ ಶನಿವಾರ ಬೆಳಗ್ಗೆ ದಾವಣಗೆರೆ ಮಂಜಿನೊಳಗೇ ಎದ್ದಿತು. ಎಂಟು ಗಂಟೆಯಾದರೂ ಹರಿಹರದ ಹಳೇ ರಸ್ತೆಯಲ್ಲಿ ಲಾರಿಗಳು ದೀಪ ಹಾಕಿಕೊಂಡೇ ಬರುತ್ತಿದ್ದವು. ಭತ್ತದ ಗದ್ದೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಸುರುವಾಯಿತು ಎಂದು ಹೇಳುವಂತಿರಲಿಲ್ಲ. ಕೊಂಡಜ್ಜಿ ಕಡೆ ಒಡೆಯುವ ದಾರಿಯ ಹತ್ತಿರ ಪ್ರಶಾಂತ ಕಾರು ನಿಲ್ಲಿಸಿದ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಕಸ್ತೂರಮ್ಮ ಇಳಿಯುವ ಮೊದಲು ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡಳು.

ರಸ್ತೆಯ ಅಂಚಿಗೇ ಇತ್ತು ಆ ಹೊಂಡ. ನಾಲ್ಕು ಕಡೆಗೂ ಕಲ್ಲಿನ ಮೆಟ್ಟಿಲು, ನಡುವೆ ಅಲುಗಾಡದ ಕಪ್ಪು ನೀರು. ಎಂಥ ಬೇಸಿಗೆಯಲ್ಲೂ ಅದು ಬತ್ತಿದ್ದನ್ನು ನೋಡಿದವರಿಲ್ಲ. ಪಕ್ಕದ ಜಮೀನು ಪ್ರಶಾಂತನದು. ಟೈಲ್ಸ್ ವ್ಯಾಪಾರ ಮಾಡಿಕೊಂಡಿದ್ದವನು ಈಗ ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದ. ಹೊಂಡ ಮುಚ್ಚಿದರೆ ಕಾರು ನಿಲ್ಲಿಸಲು ಜಾಗ. ಆದರೆ ಅದನ್ನು ತೋಡಿದವರು ಯಾರು, ಅದು ಯಾರಿಗೆ ಸೇರಿದ್ದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಪಾಳೇಗಾರರದು ಅಂತ ಒಬ್ಬರು, ಗಂಗಮ್ಮ ತಾನೇ ಎದ್ದಿದ್ದು ಅಂತ ಇನ್ನೊಬ್ಬರು.

ಹರಿಹರದ ತಾಲ್ಲೂಕು ಕಚೇರಿಯಿಂದ ಬಂದಿದ್ದ ಸರ್ವೆಯರ್ ಸ್ವಾತಿ ಹಳೇ ನಕ್ಷೆ ಬಿಚ್ಚಿ ತೋರಿಸಿದಳು. ಹೊಂಡದ ಚೌಕ ಇತ್ತು, ಒಳಗೆ ನಂಬರಿಲ್ಲ, ಹೆಸರಿಲ್ಲ.

"ನಕ್ಷೆ ಬರೆದಾತ ಇಲ್ಲಿಗೆ ಬಂದಾಗ ಚಾ ಕುಡಿಯಾಕ ಎದ್ದು ಹೋಗಿರಬೇಕ್ರಿ" ಎಂದು ನಕ್ಕಳು.

ಆಮೇಲೆ ನಿಯಮ ವಿವರಿಸಿದಳು. ನೋಟಿಸು ಅಂಟಿಸಿ ಆಗಿದೆ, ಸೋಮವಾರ ಮಧ್ಯಾಹ್ನದವರೆಗೆ ಗಡುವು. ಅಷ್ಟರೊಳಗೆ ಯಾರಾದರೂ ಈ ಹೊಂಡದ ಜೊತೆ ತಮ್ಮ ಮನೆಯವರ ಹೆಸರಿರುವ ಹಳೇ ಬರಹ ಏನೇ ತಂದರೂ ಕೆಲಸ ನಿಲ್ಲುತ್ತದೆ. ತರದಿದ್ದರೆ ಮುಚ್ಚಲು ಅಡ್ಡಿಯಿಲ್ಲ. ಮುಚ್ಚುವುದು ಆಮೇಲಾಗಲಿ, ಸೋಮವಾರ ಬೆಳಗ್ಗೆಯೇ ಮೋಟಾರು ಇಳಿಸಿ ನೀರು ಹೊರಗೆ ಹೊಡೆಯಲು ಸುರುಮಾಡುತ್ತೇನೆ ಎಂದ ಪ್ರಶಾಂತ.

ಕಸ್ತೂರಮ್ಮನ ಕಣ್ಣು ಅಷ್ಟರಲ್ಲಿ ಮೂರನೇ ಮೆಟ್ಟಿಲ ಮೇಲೆ ನಿಂತಿತ್ತು. ಅಲ್ಲೊಂದು ವೀಳ್ಯದೆಲೆ, ಎರಡು ಅಡಿಕೆ, ಚಿಟಿಕೆ ಅರಿಷಿಣ. ಎಲೆ ಇನ್ನೂ ಬಾಡಿರಲಿಲ್ಲ. ನೀರಿನಿಂದ ಎದ್ದು ಬಂದಂತೆ ಒದ್ದೆ ಹೆಜ್ಜೆಗಳು ಮೆಟ್ಟಿಲೇರಿ ಮಂಜಿನೊಳಗೆ ಹೋಗಿದ್ದವು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

ಅತ್ತೆ ಹೇಳುತ್ತಿದ್ದ ಕಥೆ ಆಕೆಗೆ ಬಾಯಿಪಾಠವಾಗಿತ್ತು. ಹಿಂದೆ ಈ ಸೀಮೆಯಲ್ಲಿ ಮದುವೆ ಇದ್ದರೆ ಹಿಂದಿನ ದಿನ ಸಂಜೆ ಹೊಂಡದ ಮೆಟ್ಟಿಲ ಮೇಲೆ ಎಲೆ-ಅಡಿಕೆ ಇಟ್ಟು, ಇಷ್ಟು ಪಾತ್ರೆ ಬೇಕು ತಾಯಿ ಎಂದು ಹೇಳಿ, ತಿರುಗಿ ನೋಡದೆ ಬರಬೇಕು. ಬೆಳಗ್ಗೆ ಮೆಟ್ಟಿಲ ಮೇಲೆ ಬೋಗುಣಿಗಳು ಬಂದು ಕೂತಿರುತ್ತಿದ್ದವು. ಕೆಲಸ ಮುಗಿದ ಮೇಲೆ ಅವನ್ನು ಬೆಳಗಿ, ಒಳಗೆ ಒಂದು ಹಿಡಿ ಅನ್ನ ಇಟ್ಟು ಮರಳಿಸಬೇಕು, ಖಾಲಿ ಕೊಡುವಂತಿಲ್ಲ. ಅತ್ತೆಯ ಮದುವೆಗೆ ತಂದ ದೊಡ್ಡ ತಾಮ್ರದ ಬೋಗುಣಿ ಮಾತ್ರ ಮರಳಲಿಲ್ಲ. ಮನೆಯವರು ಅದೇ ವಾರ ದಾವಣಗೆರೆಗೆ ಅಂಗಡಿ ಹಾಕಲು ಗಾಡಿ ಕಟ್ಟಿದ್ದರು. ಬೋಗುಣಿಯೂ ಮಸಿಯ ಸಮೇತ ಗಾಡಿ ಏರಿತು.

ಮೂರು ವರ್ಷದ ಮೇಲೆ ಅತ್ತೆಯ ಮೈದುನ ಕೊಟ್ಟೂರಪ್ಪ ಅದನ್ನು ನೀರಿಗೆ ಒಪ್ಪಿಸಿ ಬರುತ್ತೇನೆಂದು ಹೋದ. ಹುಡುಕಿಕೊಂಡು ಹೋದವರಿಗೆ ಬೋಗುಣಿ ಮೆಟ್ಟಿಲ ಮೇಲೆ ಕೂತಿದ್ದು ಕಂಡಿತು. ಮನುಷ್ಯ ನೀರಿನೊಳಗಿದ್ದ. ಅಳುವ ಗಲಾಟೆಯಲ್ಲಿ ಹೆಣದ ಜೊತೆ ಅದೂ ಮನೆಗೆ ಬಂತು. ಆವತ್ತಿನಿಂದ ಯಾರೂ ಅದರ ಕೆಳಗೆ ಒಲೆ ಹಚ್ಚಲಿಲ್ಲ, ಮಾರಲೂ ಇಲ್ಲ. ಎಂ.ಸಿ.ಸಿ. ಬಡಾವಣೆಯ ಹೊಸ ಮನೆಗೆ ಬಂದ ಮೇಲೂ ಅಟ್ಟದ ಮೇಲೆ ಬೋರಲು ಬಿದ್ದಿತ್ತು. ಹೊಂಡಕ್ಕೆ ನಮ್ಮ ಮನೆಯ ಇನ್ನೊಂದು ಗಂಡಸು ಬೇಕಾಗೈತಿ, ಆ ಕಡೆ ಕಳಿಸಬ್ಯಾಡ ಎಂದು ಹೇಳಿಯೇ ಅತ್ತೆ ಕಣ್ಣು ಮುಚ್ಚಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಕಸ್ತೂರಮ್ಮ ಮಗನಿಗೆ ಇದನ್ನೆಲ್ಲ ನೆನಪಿಸಿದಳು. ಅವನು ಮಜ್ಜಿಗೆ ಕಲಸಿಕೊಳ್ಳುತ್ತ, ಆ ಹೊಂಡಕ್ಕ ಪಾತ್ರೆ ಅಂಗಡಿ ಲೈಸೆನ್ಸ್ ಯಾರು ಕೊಟ್ಟಿದ್ದರು ಅಂತಲೂ ಮೇಡಂನ ಕೇಳಬೇಕಿತ್ತು ಎಂದು ತಮಾಷೆ ಮಾಡಿ ಎದ್ದು ಹೋದ. ಆಕೆಗೆ ನಗು ಬರಲಿಲ್ಲ. ಸೋಮವಾರ ಮೋಟಾರಿನ ಜೊತೆ ಆ ಮೆಟ್ಟಿಲು ಇಳಿಯುವವನು ಅವನೇ. ಅದಕ್ಕೆ ಮೊದಲು ಹೊಂಡದ ವಸ್ತು ಹೊಂಡ ಸೇರಬೇಕು.

ಏಣಿ ಹಾಕಿ ಬೋಗುಣಿಯನ್ನು ಇಳಿಸಿಕೊಂಡಳು. ಕೊಟ್ಟೂರಪ್ಪ ಮಸಿಯ ಪಾತ್ರೆಯನ್ನೇ ಒಯ್ದಿದ್ದನಂತೆ, ನಾನಾದರೂ ಬೆಳಗಿ ಕೊಡುತ್ತೇನೆ ಎಂದುಕೊಂಡು ಹಿತ್ತಲಲ್ಲಿ ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳು. ಎಪ್ಪತ್ತು ವರ್ಷದ ಮಸಿ. ಸಂಜೆಯ ಹೊತ್ತಿಗೆ ಬೋಗುಣಿಯ ಕಂಠದ ಕೆಳಗೆ ಬೆರಳಿಗೆ ಏನೋ ಒರಟಾಗಿ ತಾಕಿತು. ಇನ್ನಷ್ಟು ತಿಕ್ಕಿದಳು. ಉಳಿಯಿಂದ ಕೆತ್ತಿದ ಅಕ್ಷರಗಳು ಒಂದೊಂದಾಗಿ ಮೇಲೆದ್ದವು: ಹಟ್ಟಿ ಬೋರಪ್ಪ ತೋಡಿದ ಹೊಂಡಕ್ಕೆ ಸೇರಿದ್ದು.

ಕಸ್ತೂರಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ದೇವತೆ ಕೊಟ್ಟ ಪಾತ್ರೆಯ ಮೇಲೆ ಮನುಷ್ಯನ ಹೆಸರು. ಎಲ್ಲರ ಮನೆಯ ಪಾತ್ರೆಯ ಮೇಲೂ ಇರುವಂಥದ್ದೇ. ಹಾಗಾದರೆ ಕೊಟ್ಟೂರಪ್ಪ ಅದನ್ನು ಒಯ್ದು ಒಪ್ಪಿಸಲು ಹೋದದ್ದು ಯಾರಿಗೆ?

ಭಾನುವಾರ ಪೂಜೆ ಮುಗಿಸಿ, ಬೋಗುಣಿಯನ್ನು ಮನೆಯಲ್ಲೇ ಬಿಟ್ಟು, ಎಲೆ ಇಡುವವರು ಯಾರೆಂದು ನೋಡಲು ಮಗ ಏಳುವ ಮೊದಲೇ ಆಟೋ ಹಿಡಿದು ಹೊಂಡಕ್ಕೆ ಹೋದಳು. ಮಂಜು ನಿನ್ನೆಗಿಂತ ದಟ್ಟವಾಗಿತ್ತು. ಆಟೋದವನಿಗೆ ರಸ್ತೆಯಲ್ಲೇ ಇರಲು ಹೇಳಿ ಒಂದೊಂದೇ ಮೆಟ್ಟಿಲು ಇಳಿದಳು. ನೀರು ಕಾಣುತ್ತಿರಲಿಲ್ಲ. ಕೆಳಗೆಲ್ಲೋ ಗುಳುಗುಳು ಎಂದಿತು. ಆಮೇಲೆ ಕಲ್ಲಿನ ಮೇಲೆ ಹಸಿ ಪಾದ ಇಟ್ಟ ಸಪ್ಪಳ. ಒಂದು. ಇನ್ನೊಂದು. ಮೇಲೆ ಮೇಲೆ ಬರುತ್ತಿತ್ತು. ಶಿವಶಿವಾ ಎನ್ನುತ್ತ ಎದೆಯ ಲಿಂಗವನ್ನು ಹಿಡಿದುಕೊಂಡಳು. ಮಂಜಿನಿಂದ ಮೊದಲು ಒಂದು ಕೈ ಕಂಡಿತು, ಅದರಲ್ಲಿ ವೀಳ್ಯದೆಲೆ.

"ಕಾಲ ಕೆಳಗ ಪಾಚಿ ಐತೆ, ಅಲ್ಲೇ ನಿಂದ್ರಿ ಅಮ್ಮಾರೆ" ಎಂದಿತು ಮುದುಕಿಯ ದನಿ.

ಹೊನ್ನಕ್ಕ ಎಂದು ಹೆಸರು. ಗದ್ದೆಯಾಚೆಯ ಹಟ್ಟಿಯವಳು, ಬೋರಪ್ಪನ ಮೊಮ್ಮಗಳು. ಕೊಡ ಕೆಳಗಿಟ್ಟು, ಎಲೆಯನ್ನು ಮೂರನೇ ಮೆಟ್ಟಿಲ ಮೇಲಿಟ್ಟಳು. ಕಸ್ತೂರಮ್ಮ ತನ್ನ ಮನೆಯ ಅಟ್ಟದಲ್ಲಿದ್ದ ಬೋಗುಣಿಯ ಮೇಲೆ ಓದಿದ್ದನ್ನು ಹೇಳಿದಳು. ಮುದುಕಿ ಮೆಟ್ಟಿಲ ಮೇಲೆ ಕೂತಳು.

ಆಮೇಲೆ ಹೇಳಿದಳು. ಈ ರಸ್ತೆ ಎತ್ತರಿಸುವಾಗ ಮಣ್ಣು ಅಗೆದ ಗುಂಡಿ ಇದು. ಕೂಲಿಗೆ ಬಂದಿದ್ದ ಬೋರಪ್ಪನಿಗೆ ತಳದಲ್ಲಿ ಜಲ ಕಂಡಿತು. ಗಾಡಿ ಎತ್ತುಗಳಿಗಾಗಲಿ ಎಂದು ಹಟ್ಟಿಯವರನ್ನು ಕಟ್ಟಿಕೊಂಡು ಮೆಟ್ಟಿಲು ಕಟ್ಟಿದ. ಹೆಂಡತಿಯ ಕೊರಳಿನದು ಕೊಟ್ಟು ನಾಲ್ಕು ಬೋಗುಣಿ ಮಾಡಿಸಿದ. ಹಟ್ಟಿಯವರನ್ನು ಮುಟ್ಟಿದರೆ ಮೈಲಿಗೆ ಎನ್ನುವ ದೊಡ್ಡ ಮನೆಗಳವರು ಹಟ್ಟಿಯ ಬಾಗಿಲಿಗೆ ಬಂದು ಪಾತ್ರೆ ಕೇಳುವವರಲ್ಲ. ಆದರೆ ಮದುವೆಗೆ ಪಾತ್ರೆ ಬೇಕು. ಅದಕ್ಕೇ ಎಲೆ-ಅಡಿಕೆ. ಎಲೆ ಕಂಡ ಮರುದಿನ ಬೋರಪ್ಪ ನಸುಕಿನಲ್ಲಿ ಬೋಗುಣಿ ತಂದಿಟ್ಟು ಮರೆಯಾಗುತ್ತಿದ್ದ. ಹೊಂಡ ಕೊಟ್ಟಿತು ಎಂದು ಅವರು ಒಯ್ಯುತ್ತಿದ್ದರು.

"ಮೂರು ನಮ್ಮನಿಯಾಗ ಅದಾವು. ಅದರ ಮ್ಯಾಲೆ ಬರೇ ಹೆಸರು. ಹೊಂಡದ ಮಾತು ಬರೆಸಿದ್ದು ದೊಡ್ಡದರ ಮ್ಯಾಲೆ. ಅದು ಬರಲಿ ಅಂತ ದಿನಾ ಎಲಿ ಇಡ್ತೀನಿ, ನಿಮ್ಮೋರು ಇಡ್ತಿದ್ದಂಗ."

ಕಸ್ತೂರಮ್ಮ ಕೊಟ್ಟೂರಪ್ಪನ ಹೆಸರೆತ್ತಿದಳು. ಮುದುಕಿ ನೀರಿನ ಕಡೆ ನೋಡಿದಳು.

"ಆರು ವರ್ಷದಾಕಿ ನಾನು. ಅಜ್ಜನ ಪಂಚೆ ಹಿಡ್ಕಂಡು ಇಲ್ಲೇ ನಿಂತಿದ್ದೆ. ಯಜಮಾನ್ರು ಬೋಗುಣಿ ಮೆಟ್ಟಿಲ ಮ್ಯಾಲಿಟ್ಟು, ನೀರು ಮುಟ್ಟಿ ಕೈಮುಗಿಯಾಕ ಇಳಿದ್ರು. ಜಾರಿದ್ರು. ಅಜ್ಜ ಓಡಿ ಹೋಗಿ ಕೈ ಚಾಚಿದ." ಅವಳು ತನ್ನ ಬಲಗೈ ನೋಡಿಕೊಂಡಳು. "ಕೈ ನೋಡಿದ್ರು, ಅಮ್ಮಾರೆ. ಹಿಡೀಲಿಲ್ಲ. ಅಜ್ಜ ನೀರಿಗೆ ಹಾರೋದರಾಗ ತಳ ಕಂಡಿದ್ರು."

ಎಪ್ಪತ್ತು ವರ್ಷ ಮನೆಯವರೆಲ್ಲ ನೀರಿಗೆ ಹೆದರಿದ್ದರು. ಆ ಮೆಟ್ಟಿಲ ಮೇಲೆ ನಿಂತು ಕಸ್ತೂರಮ್ಮನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿತು. ಅದು ತನ್ನ ಮನೆಯೊಳಗೇ ಇತ್ತು, ತನ್ನ ಮಗನ ರಕ್ತದಲ್ಲೂ ಇರಬಹುದಾಗಿತ್ತು.

ರಾತ್ರಿ ಊಟಕ್ಕೆ ಮೊದಲು ಎಲ್ಲವನ್ನೂ ಅವನ ಮುಂದಿಟ್ಟಳು. ಬೋಗುಣಿ ಕೊಟ್ಟರೆ ಹೊಂಡ ತನ್ನ ಕೈತಪ್ಪುತ್ತದೆ ಎಂಬುದು ಅವನಿಗೆ ತಕ್ಷಣ ತಿಳಿಯಿತು. ಅವನು ಅಕ್ಷರಗಳ ಮೇಲೆ ಬೆರಳಾಡಿಸಿದ, ಎದ್ದು ಹೋಗಿ ಮಲಗಿದ.

ಸೋಮವಾರ ಮೋಟಾರಿನ ಗಾಡಿ ಬಂದು ನಿಂತಿತ್ತು. ಪ್ರಶಾಂತ ಫೋನಿನಲ್ಲಿ ಯಾರಿಗೋ ಕಾಯಲು ಹೇಳುತ್ತ ಮೆಟ್ಟಿಲು ಇಳಿದ. ಮೇಲೆ ಕಸ್ತೂರಮ್ಮ ಬೋಗುಣಿ ಹಿಡಿದು ನಿಂತಿದ್ದಳು. ಅದರೊಳಗೆ ಬೆಳಗ್ಗೆ ಮಾಡಿದ ಒಂದು ಹಿಡಿ ಅನ್ನ. ಕೆಳಗೆ, ಪಾಚಿಗಟ್ಟಿದ ಮೆಟ್ಟಿಲ ಹತ್ತಿರ ಹೊನ್ನಕ್ಕ ಇದ್ದಳು. ಅವನ ಚಪ್ಪಲಿ ಸರ್ರನೆ ಜಾರಿತು. ಮುದುಕಿ ಕೈ ಚಾಚಿದಳು.

ಅವನು ಆ ಕೈ ನೋಡಿದ. ಲಾರಿಯೊಂದು ಹಾರ್ನ್ ಹೊಡೆದು ಹೋಯಿತು.

ಫೋನನ್ನು ಎಡಗೈಗೆ ಬದಲಾಯಿಸಿ ಅವನು ಆ ಕೈ ಹಿಡಿದ.

ಹೊನ್ನಕ್ಕನ ಜೊತೆ ಮೇಲೆ ಹತ್ತಿ ಬಂದ. ಮೋಟಾರಿನವನಿಗೆ ಬ್ಯಾಡ ಎಂದು ಕೈಸನ್ನೆ ಮಾಡಿದ. ಹರಿಹರದ ಕಚೇರಿ ತೆಗೆಯುವ ಹೊತ್ತಿಗೆ ನಿಮ್ಮನ್ನು ಅಲ್ಲಿಗೆ ಮುಟ್ಟಿಸುತ್ತೇನೆ, ಮೇಡಂಗೆ ಇದನ್ನು ನೀವೇ ತೋರಿಸಬೇಕು ಎಂದು ಹೊನ್ನಕ್ಕನಿಗೆ ಹೇಳಿದ. ಆಮೇಲೆ ತಾಯಿಯ ಕೈಯಿಂದ ಬೋಗುಣಿ ತೆಗೆದುಕೊಂಡು, ಅಕ್ಷರಗಳು ಮುದುಕಿಯ ಕಡೆಗೆ ಬರುವಂತೆ ತಿರುಗಿಸಿ, ಮೆಲ್ಲಗೆ ಅವಳ ತೋಳಿಗೆ ಇಳಿಸಿದ.