ಗುಟುಕಿನ ನಡುವಿನ ಉಸಿರು

ತಿಳವಳ್ಳಿಯ ಸವಿತಾಳ ಮಗಳಿಗೆ ಹುಟ್ಟುವಾಗಲೇ ಅವಸರ. ತಿಂಗಳು ತುಂಬುವ ಮೊದಲೇ ಬಂದವಳು ಈಗ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಹಾರಾಣಿಯಂತೆ ಮಲಗಿದ್ದಳು. ಮೂಗಿಗೆ ಹಾಕಿದ ನಳಿಕೆಯಿಂದ ಹಾಲು ನೇರ ಹೊಟ್ಟೆಗೆ ಇಳಿಯುತ್ತಿತ್ತು. ಹಾಲು ಸವಿತಾಳದೇ. ಆದರೆ ಅದನ್ನು ಹಿಂಡಿ, ಬಟ್ಟಲಲ್ಲಿ ನರ್ಸಿನ ಕೈಗೆ ಕೊಡುವುದಷ್ಟೇ ಅವಳ ಪಾಲಿನ ತಾಯ್ತನ.

ಪಕ್ಕದ ವಾರ್ಡಿನಲ್ಲಿ ಯಾರದೋ ಕೂಸು ಅತ್ತರೆ ಸಾಕು, ಇವಳ ಕುಪ್ಪಸ ಒದ್ದೆಯಾಗುತ್ತಿತ್ತು. ನಮ್ಮದು, ಮಂದಿಯದು ಎಂಬ ಭೇದ ಎದೆಹಾಲಿಗೆಲ್ಲಿಂದ ಬರಬೇಕು? ಒಮ್ಮೆ ಮಗಳ ಬಾಯಿ ಎದೆಗೆ ತಾಗಲಿ, ಮತ್ತೇನೂ ಬೇಡ ಎಂದು ಸವಿತಾ ಹಂಬಲಿಸುತ್ತಿದ್ದಳು. ಉಣ್ಣಲು ಕುಳಿತರೂ ಅದೇ ಧ್ಯಾನ.

ಅಂತೂ ಒಂದು ಬೆಳಿಗ್ಗೆ ಸವಣೂರಿನ ಸುಮೇರಾ ಸಿಸ್ಟರ್ ಕೂಸನ್ನು ತಂದು ಮಡಿಲಿಗಿಟ್ಟಳು.

"ಇವತ್ತ ಎದಿಗೆ ಹಚ್ಚಿ ನೋಡೂಣ್ರಿ. ಅದರ ಮಾರಿ, ತುಟಿ ನೋಡ್ಕೋತ ಕುಡಸ್ರಿ," ಎಂದು ಹೇಳಿ, ಪಕ್ಕದ ಮಂಚದವಳು ಕರೆದಳೆಂದು ಅತ್ತ ತಿರುಗಿದಳು.

ಅತ್ತೆ ಕರೆವ್ವ ತಡಮಾಡಲಿಲ್ಲ. "ಇಷ್ಟ ಮಂದಿ ಮುಂದ ಹಿಂಗ ತೆರಕೊಂಡು ಕುಡಸ್ತಾರೇನ? ಮಂದಿ ಕಣ್ಣು ಬಿದ್ದು ಕೂಸಿಗೆ ನೆದರ ಆಗತೈತಿ," ಎಂದು ಸೆರಗೆಳೆದು ಕೂಸನ್ನು ಪೂರಾ ಮುಚ್ಚಿದಳು.

ಸೆರಗಿನೊಳಗೆ ಕೂಸು ಎದೆ ಹಿಡಿಯಿತು. ಅಬ್ಬಾ, ಆ ಎಳೆತ! ಸವಿತಾಳ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ಗುಟುಕಿನ ಮೇಲೆ ಗುಟುಕು. ಹೊಟ್ಟೆಬಾಕಿ ಎಂದು ಮನಸ್ಸಿನಲ್ಲೇ ಮುದ್ದಿಗೆ ಬೈದಳು. ಆಮೇಲೆ ಎಳೆತ ಸಡಿಲಾಯಿತು, ನಿದ್ದೆ ಹೋಯಿತೆಂದುಕೊಂಡಳು.

ಸುಮೇರಾ ತಿರುಗಿ ನೋಡಿದವಳೇ ಬಂದು ಸೆರಗು ಸರಿಸಿದಳು. ಕೂಸಿನ ತುಟಿ ನೀಲಿಗಟ್ಟಿತ್ತು. ಎದೆಯಿಂದ ಬಿಡಿಸಿ, ನೆಟ್ಟಗೆ ಕೂರಿಸಿ ಬೆನ್ನು ನೀವಿದಾಗ ಒಂದು ಸಣ್ಣ ಕೆಮ್ಮು ಬಂತು, ಹಿಂದೆಯೇ ಅಳು. ಸವಿತಾಳಿಗೆ ಹೋದ ಜೀವ ಬಂದಂತಾಯಿತು.

"ಇದಕ್ಕ ಕುಡಿಯಾಕ ಬರ್ತೈತ್ರಿ, ಉಸಿರಾಡಾಕೂ ಬರ್ತೈತಿ. ಎರಡೂ ಹೊಂದಿಸ್ಕೊಂಡು ಮಾಡಾಕ ಇನ್ನೂ ಬರವಲ್ದು," ಎಂದಳು ಸುಮೇರಾ. "ಹಾಲಿನ ಆಸೇಕ ಉಸಿರು ಮರೀತೈತಿ. ನಾಕ ಗುಟುಕು ನುಂಗಿದ ಮ್ಯಾಲೆ ನೀವ ಬಿಡಸ್ರಿ. ಅದು ಉಸಿರು ತಗೊಳ್ಳಿ, ಆಮ್ಯಾಲೆ ಮತ್ತ ಹಚ್ರಿ."

ಕರೆವ್ವನ ಮುಖ ಸಣ್ಣದಾಯಿತು. "ಹಸದ ಕೂಸಿನ ಬಾಯಾಗಿಂದ ಕಸಗೊಳ್ಳೂದಂದ್ರ ಎಂಥಾ ಕರ್ಮವ್ವಾ," ಎಂದು ಗೊಣಗಿದಳು. ಆದರೆ ಮತ್ತೆ ಸೆರಗಿನ ಮಾತೆತ್ತಲಿಲ್ಲ. ಮಂದಿಯ ಕಣ್ಣಿಗೆ ತಾನೇ ಅಡ್ಡವಾಗಿ ನಿಂತುಕೊಂಡಳು.

ಅಂದಿನಿಂದ ಸವಿತಾಳಿಗೆ ಅದೇ ಕೆಲಸ. ಬಯಸಿ ಬಯಸಿ ಪಡೆದದ್ದನ್ನು ಕೈಯಾರೆ ಬಿಡಿಸಬೇಕು. ಬಿಡಿಸಿದಾಗೆಲ್ಲ ಕೂಸು ಬಾಯಿ ತೆರೆದು ಅತ್ತಿತ್ತ ತಡಕಾಡುತ್ತಿತ್ತು. ಸವಿತಾ ಅದರ ಬೆನ್ನು ನೀವುತ್ತ, "ತಡಿ ನನ್ನವ್ವ, ಒಂದೀಟ ಉಸಿರು ತಗೋ," ಎನ್ನುತ್ತಿದ್ದಳು. ಹಸಿವಿನಲ್ಲಿ ಬಾಯಿಂದ ಕಿತ್ತುಕೊಳ್ಳುವವಳನ್ನು ತಾಯಿಯೆಂದು ಇದು ನಂಬೀತೇ ಎಂಬ ಭಯ ಬೇರೆ. ಎದೆಗೊತ್ತಿಕೊಂಡಾಗಲೂ ಮಗಳು ದೂರವೇ ಇದ್ದಂತೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಎಂದಿನಂತೆ ಬಿಡಿಸಲು ಬೆರಳು ಚಾಚಿದಳು. ಅಷ್ಟರಲ್ಲಿ ಕೂಸೇ ಚೀಪುವುದನ್ನು ನಿಲ್ಲಿಸಿತು. ಗಾಬರಿಯಿಂದ ತುಟಿ ನೋಡಿದಳು, ಕೆಂಪಗಿತ್ತು. ಮೂಗಿನ ಹೊಳ್ಳೆ ಅರಳಿತು, ಪುಟ್ಟ ಪಕ್ಕೆಗಳು ಏರಿ ಇಳಿದವು. ಎದೆಯನ್ನು ಬಾಯಲ್ಲಿಟ್ಟುಕೊಂಡೇ ಅದು ಉಸಿರಾಡುತ್ತಿತ್ತು. ಬಳಿಕ ಯಾರೂ ಹೇಳದೆಯೇ ಮತ್ತೆ ಕುಡಿಯತೊಡಗಿತು.

"ಸಿಸ್ಟರ್, ಬಿಡಸ್ಲೇನ್ರಿ?" ಸವಿತಾ ಕೂಸಿನ ಮೇಲಿನ ಕಣ್ಣು ತೆಗೆಯದೆಯೇ ಕೇಳಿದಳು.

"ಬ್ಯಾಡ್ರಿ. ಸುಮ್ನ ಕುಂತ್ಬಿಡ್ರಿ."

ಚಾಚಿದ ಬೆರಳನ್ನು ಈಗೇನು ಮಾಡಬೇಕೆಂದು ಸವಿತಾಳಿಗೆ ತೋಚಲಿಲ್ಲ. ಕೂಸೇ ಅದನ್ನು ಹಿಡಿದುಕೊಂಡಿತು.